ಗಂಡ–ಹೆಂಡತಿ ಬೇರೆಯಾದಾಗ: ಮನೆ, ಮಕ್ಕಳು, ಮನಸ್ಸು

ನಮ್ಮ ದೇಶದಲ್ಲಿ ಮದುವೆ ಮುರಿದವರ ಲೆಕ್ಕ ಕೋರ್ಟಿನ ಕಡತಗಳಲ್ಲಿ ಪೂರ್ತಿ ಸಿಗುವುದಿಲ್ಲ. 2011ರ ಜನಗಣತಿಯಲ್ಲಿ ವಿಚ್ಛೇದಿತರು ಎಂದು ಬರೆಸಿದವರು ಸುಮಾರು 13.6 ಲಕ್ಷ. ವಿಚ್ಛೇದನ ಪಡೆಯದೆ ಬೇರೆಯಾಗಿದ್ದೇವೆ ಎಂದು ಬರೆಸಿದವರು ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಹಬ್ಬಕ್ಕೆಂದು ತವರಿಗೆ ಬಂದವಳು ಹಿಂತಿರುಗುವುದಿಲ್ಲ, ದುಡಿಯಲು ಊರು ಬಿಟ್ಟವನು ಮೊದಲು ಹಣ ಕಳಿಸುವುದನ್ನು, ಆಮೇಲೆ ಫೋನ್ ಎತ್ತುವುದನ್ನು ನಿಲ್ಲಿಸುತ್ತಾನೆ. ಎರಡೂ ಕಡೆಯ ಹಿರಿಯರು ಎರಡು ಸಲ ಪಂಚಾಯ್ತಿ ಕೂರುತ್ತಾರೆ, ಮೂರನೇ ಸಲ ಯಾರೂ ಬರುವುದಿಲ್ಲ. ಅಲ್ಲಿಗೆ ಸಂಸಾರ ಮುಗಿದಂತೆ, ಆದರೆ ಮುಗಿಯಿತು ಎಂದು ಬಾಯಿಬಿಟ್ಟು ಹೇಳುವವರಿಲ್ಲ.

ಬೇರ್ಪಡಿಕೆ ಕೋರ್ಟಿನ ಮೂಲಕ ಆಗಲಿ, ಹೀಗೆ ಸದ್ದಿಲ್ಲದೆ ಆಗಲಿ, ಅದರಿಂದಾಗುವ ಹಾನಿಯ ದೊಡ್ಡ ಪಾಲು ಬೇರೆಯಾದ ದಿನ ಆಗುವುದಿಲ್ಲ. ಆಮೇಲೂ ನಡೆಯುತ್ತಲೇ ಇರುವ ಜಗಳದಿಂದ ಮತ್ತು ಕದಡಿಹೋದ ದಿನಚರಿಯಿಂದ ಆಗುತ್ತದೆ. ಇವೆರಡೂ ಮನೆಯವರ ಕೈಯಲ್ಲಿರುವ ವಿಷಯಗಳು. ಈ ಲೇಖನ ಹೆಚ್ಚಾಗಿ ಅವುಗಳ ಬಗ್ಗೆ.

ಕಾನೂನಿನಲ್ಲಿ ಬೇರ್ಪಡಿಕೆ

ಹಿಂದೂ ವಿವಾಹ ಕಾಯ್ದೆ 1955ರಲ್ಲಿ ಬೇರೆ ಬೇರೆ ದಾರಿಗಳಿವೆ. ಸೆಕ್ಷನ್ 10ರ ನ್ಯಾಯಿಕ ಬೇರ್ಪಡಿಕೆಯಲ್ಲಿ ಮದುವೆ ಉಳಿಯುತ್ತದೆ, ಒಟ್ಟಿಗೆ ಬಾಳಬೇಕೆಂಬ ಕಟ್ಟುಪಾಡು ಇರುವುದಿಲ್ಲ. ಸೆಕ್ಷನ್ 13ರಲ್ಲಿ ಕ್ರೌರ್ಯ, ತೊರೆದುಹೋಗುವಿಕೆ ಮುಂತಾದ ಕಾರಣ ಕೊಟ್ಟು ಒಬ್ಬರೇ ವಿಚ್ಛೇದನ ಕೇಳಬಹುದು. 1976ರ ತಿದ್ದುಪಡಿಯಲ್ಲಿ ಸೇರಿದ 13ಬಿ ಪರಸ್ಪರ ಒಪ್ಪಿಗೆಯ ದಾರಿ. ಅದಕ್ಕೆ ಕನಿಷ್ಠ ಒಂದು ವರ್ಷ ಬೇರೆಯಾಗಿ ಬದುಕಿರಬೇಕು. ಅರ್ಜಿ ಹಾಕಿ ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ‘ಹೌದು, ಬೇಕು’ ಎನ್ನಬೇಕು. ರಾಜಿಯ ದಾರಿಗಳೆಲ್ಲ ಮುಚ್ಚಿದ್ದು, ಮಕ್ಕಳು, ಜೀವನಾಂಶದ ವಿಷಯಗಳು ಇತ್ಯರ್ಥವಾಗಿದ್ದರೆ ಆ ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮತ್ತೆ ಕೂಡಿಸಲಾಗದಷ್ಟು ಮುರಿದ ಮದುವೆಯನ್ನು ಸಂವಿಧಾನದ 142ನೇ ವಿಧಿಯಡಿ ತಾನೇ ನೇರವಾಗಿ ಕೊನೆಗೊಳಿಸಬಹುದು ಎಂದು 2023ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಆ ಅಧಿಕಾರ ಸುಪ್ರೀಂ ಕೋರ್ಟಿನದು ಮಾತ್ರ, ಕೆಳಗಿನ ಕೋರ್ಟುಗಳಿಗಿಲ್ಲ. ಮುಸ್ಲಿಮರಿಗೆ, ಕ್ರೈಸ್ತರಿಗೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಅವರವರ ಕಾನೂನುಗಳಿವೆ.

ಮಗು ಯಾರ ಬಳಿ ಇರಬೇಕು ಎಂಬಲ್ಲಿ ಮಾತ್ರ ಎಲ್ಲ ಕಾನೂನುಗಳೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ: ಮಗುವಿನ ಹಿತ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟು ಕೇಳಬಹುದು ಎಂಬ ಮಾತು 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆಯಷ್ಟು ಹಿಂದಿನದು.

ದೊಡ್ಡವರ ಮನಸ್ಸಿಗೆ ಆಗುವುದು

ಅಮೆರಿಕದ ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ 1967ರಲ್ಲಿ ಬದುಕಿನ ಘಟನೆಗಳಿಗೆ ಒತ್ತಡದ ಅಂಕ ಕೊಟ್ಟ ಪಟ್ಟಿಯೊಂದನ್ನು ಮಾಡಿದರು. ಅದರಲ್ಲಿ ಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73, ಬೇರ್ಪಡಿಕೆಗೆ 65. ಜೈಲುವಾಸ, ಹತ್ತಿರದ ಬಂಧುವಿನ ಸಾವು ಇವಕ್ಕಿಂತ ಕೆಳಗೆ. ಸಾವಿನ ಮನೆಗೆ ಜನ ಬರುತ್ತಾರೆ, ಊಟ ತರುತ್ತಾರೆ, ಹದಿಮೂರು ದಿನ ಯಾರಾದರೊಬ್ಬರು ಜೊತೆಗಿರುತ್ತಾರೆ. ಬೇರೆಯಾದವರ ಮನೆಗೆ ಬರುವವರು ಹೆಚ್ಚಾಗಿ ಕಾರಣ ಕೇಳಲು ಬರುತ್ತಾರೆ.

ಪೌಲಿನ್ ಬಾಸ್ ಎಂಬ ಕುಟುಂಬ ಚಿಕಿತ್ಸಕಿ 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಗಳನ್ನು ಅಧ್ಯಯನ ಮಾಡಿದರು. ಗಂಡ ಸತ್ತಿದ್ದಾನೋ ಬದುಕಿದ್ದಾನೋ ತಿಳಿಯದೆ ಅಳಲೂ ಆಗದೆ ಮುಂದೆ ಸಾಗಲೂ ಆಗದೆ ನಿಂತ ಆ ಹೆಂಗಸರ ಸ್ಥಿತಿಯನ್ನು ಅವರು ‘ಅಸ್ಪಷ್ಟ ನಷ್ಟ’ ಎಂದು ಕರೆದರು. ತವರಲ್ಲಿ ಐದಾರು ವರ್ಷದಿಂದ ‘ಇಂದೋ ನಾಳೆಯೋ ಕರೆಯಲು ಬರುತ್ತಾರೆ’ ಎಂದು ಕಾಯುತ್ತಿರುವ ಹೆಣ್ಣುಮಕ್ಕಳನ್ನು ನೋಡಿದವರಿಗೆ ಈ ವಿಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋರ್ಟು ಕಠಿಣ ಎನ್ನುವವರುಂಟು. ನನ್ನ ಎಣಿಕೆಯಲ್ಲಿ ಇತ್ತ ಬಿಡದೆ ಅತ್ತ ಹಿಡಿಯದೆ ವರ್ಷಗಟ್ಟಲೆ ಕೂರಿಸುವುದು ಅದಕ್ಕಿಂತ ಕಠಿಣ.

ಮೊದಲ ಕೆಲವು ತಿಂಗಳು ನಿದ್ದೆ ಕೆಡುವುದು, ಊಟ ಸೇರದಿರುವುದು, ಸಿಟ್ಟು, ಸುಮ್ಮನೆ ಅಳು ಬರುವುದು ಸಹಜ. ಇವೇ ದಿನವಿಡೀ ಇದ್ದು, ಎರಡು ವಾರ ದಾಟಿ, ಕೆಲಸಕ್ಕೆ ಹೋಗಲಾಗದ, ಮಕ್ಕಳಿಗೆ ಅಡುಗೆ ಮಾಡಲಾಗದ ಮಟ್ಟಕ್ಕೆ ಬಂದರೆ ಅದು ಖಿನ್ನತೆಯಿರಬಹುದು, ವೈದ್ಯರಿಗೆ ತೋರಿಸಬೇಕು. ಹೆಂಗಸರ ನೋವು ಅಳುವಾಗಿ ಹೊರಬಂದರೆ ಗಂಡಸರದು ಬಹಳ ಸಲ ಕುಡಿತವಾಗಿ, ತಡರಾತ್ರಿಯ ಫೋನ್ ಕರೆಯಾಗಿ, ಕೆಲಸಕ್ಕೆ ಚಕ್ಕರ್ ಹೊಡೆಯುವುದಾಗಿ ಕಾಣಿಸುತ್ತದೆ. ಹಾಗಾಗಿ ಅದನ್ನು ಯಾರೂ ನೋವು ಎಂದು ಗುರುತಿಸುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಜನರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಗಂಡಸರು. ಕಾರಣಗಳ ಪಟ್ಟಿಯಲ್ಲಿ ಕೌಟುಂಬಿಕ ಸಮಸ್ಯೆ ಶೇ 31.7ರೊಂದಿಗೆ ಮೊದಲಿದೆ, ಮದುವೆಗೆ ಸಂಬಂಧಿಸಿದ ಸಮಸ್ಯೆ ಬೇರೆಯಾಗಿ ಶೇ 4.8. ‘ಗಂಡಸಾಗಿ ಅಳ್ತೀಯಾ’ ಎನ್ನುವ ಮಾತನ್ನು ಮನೆಗಳಿಂದ ಹೊರಗೆ ಹಾಕುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಮಗುವಿಗೆ ಪೆಟ್ಟು ಬೀಳುವುದು ಎಲ್ಲಿಂದ

ಒಡೆದ ಮನೆಯ ಮಕ್ಕಳು ಹಾಳಾಗುತ್ತಾರೆ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಅದಕ್ಕೆ ಒಂದು ಮಟ್ಟಿಗೆ ಬೆಂಬಲ ಕೊಟ್ಟ ಅಧ್ಯಯನ ಅಮೆರಿಕದ ಮನೋವಿಜ್ಞಾನಿ ಜುಡಿತ್ ವಾಲರ್‌ಸ್ಟೈನ್ ಅವರದು. 1971ರಲ್ಲಿ ಕ್ಯಾಲಿಫೋರ್ನಿಯಾದ 60 ಕುಟುಂಬಗಳ 131 ಮಕ್ಕಳಿಂದ ಆರಂಭಿಸಿ ಅವರು ಇಪ್ಪತ್ತೈದು ವರ್ಷ ಆ ಮಕ್ಕಳನ್ನು ಹಿಂಬಾಲಿಸಿದರು. ದೊಡ್ಡವರಾದ ಮೇಲೂ ಪ್ರೀತಿಯ ವಿಷಯದಲ್ಲಿ ಅವರಿಗೆ ಅಳುಕು ಉಳಿದಿತ್ತು ಎಂದರು. ಹೋಲಿಸಿ ನೋಡಲು ಒಡೆಯದ ಮನೆಯ ಮಕ್ಕಳನ್ನು ಮೊದಲಿನಿಂದ ಜೊತೆಗಿಟ್ಟುಕೊಂಡಿರಲಿಲ್ಲ ಎಂಬುದು ಅದಕ್ಕೆ ಬಂದ ದೊಡ್ಡ ಟೀಕೆ.

ವರ್ಜೀನಿಯಾದ ಮನೋವಿಜ್ಞಾನಿ ಮೇವಿಸ್ ಹೆದರಿಂಗ್ಟನ್ ಆ ಹೋಲಿಕೆ ಮಾಡಿದರು. ಸುಮಾರು 1,400 ಕುಟುಂಬಗಳನ್ನು ಮೂರು ದಶಕ ನೋಡಿ 2002ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ, ಗಂಭೀರ ಸಾಮಾಜಿಕ ಅಥವಾ ಮಾನಸಿಕ ತೊಂದರೆ ಕಂಡದ್ದು ವಿಚ್ಛೇದಿತರ ಮಕ್ಕಳಲ್ಲಿ ನೂರಕ್ಕೆ 25ರಷ್ಟು, ಉಳಿದ ಮಕ್ಕಳಲ್ಲಿ ನೂರಕ್ಕೆ 10ರಷ್ಟು. ಅಪಾಯ ಇದೆ, ಚಿಕ್ಕದೂ ಅಲ್ಲ. ಆದರೆ ನಾಲ್ಕರಲ್ಲಿ ಮೂರು ಮಕ್ಕಳು ಸುಧಾರಿಸಿಕೊಂಡು ಸರಿಯಾಗಿಯೇ ಬೆಳೆದರು.

ಹಾಗಾದರೆ ಆ ನಾಲ್ಕನೆಯ ಮಗುವಿಗೆ ಏನಾಯಿತು? ಈ ಕ್ಷೇತ್ರದ ಸಂಶೋಧನೆಗಳು ಮತ್ತೆ ಮತ್ತೆ ಬೊಟ್ಟು ಮಾಡುವುದು ಕೆಲವೇ ಸಂಗತಿಗಳತ್ತ: ಮಗುವಿನ ಕಣ್ಣೆದುರು ಮುಂದುವರಿಯುವ ಜಗಳ, ಜೊತೆಗಿರುವ ಪೋಷಕರ ಚಿಕಿತ್ಸೆ ಸಿಗದ ಖಿನ್ನತೆ, ಕುಸಿದ ಆದಾಯ, ಮೇಲಿಂದ ಮೇಲೆ ಬದಲಾಗುವ ಮನೆ ಮತ್ತು ಶಾಲೆ, ಇನ್ನೊಬ್ಬ ಪೋಷಕರು ಪೂರ್ತಿ ಕಣ್ಮರೆಯಾಗುವುದು. ದಿನವೂ ಪಾತ್ರೆ ಎಸೆಯುವ ಜಗಳದ ನಡುವೆ ‘ಮಕ್ಕಳಿಗೋಸ್ಕರ’ ಒಂದೇ ಸೂರಿನಡಿ ಇರುವ ಮನೆಯಲ್ಲೂ ಮಗುವಿಗೆ ಇದೇ ಪೆಟ್ಟು ಬೀಳುತ್ತದೆ. ಹಿರಿಯರು ಪಂಚಾಯ್ತಿಯಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯುವುದು ಅಪರೂಪ.

ವಯಸ್ಸಿಗೆ ತಕ್ಕಂತೆ ಲಕ್ಷಣಗಳು ಬದಲಾಗುತ್ತವೆ. ತೀರಾ ಎಳೆಯ ಮಗು ರಾತ್ರಿ ಎದ್ದು ಅಳುತ್ತದೆ, ಯಾರನ್ನೂ ಬಿಟ್ಟಿರುವುದಿಲ್ಲ; ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮೂರು–ನಾಲ್ಕು ವರ್ಷದ ಮಗುವಿಗೆ ಮತ್ತೆ ಬರಬಹುದು. ನಾಲ್ಕೈದು ವರ್ಷದವರು ತಮ್ಮಿಂದಲೇ ಹೀಗಾಯಿತು ಎಂದು ಬಗೆಯುತ್ತಾರೆ: ಹಾಲು ಚೆಲ್ಲಿದ್ದಕ್ಕೆ ಅಪ್ಪ ಹೋದರು, ಹೋಂವರ್ಕ್ ಮಾಡದ್ದಕ್ಕೆ ಅಮ್ಮ ಹೋದರು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಬರುತ್ತದೆ. ಹತ್ತು–ಹನ್ನೆರಡರ ಮಕ್ಕಳು ಒಬ್ಬರ ಪಕ್ಷ ವಹಿಸಿ ಇನ್ನೊಬ್ಬರ ಮೇಲೆ ಹರಿಹಾಯುತ್ತಾರೆ. ಹದಿಹರೆಯದವರು ಮನೆಯಿಂದ ಹೊರಗೇ ಹೆಚ್ಚು ಇರುತ್ತಾರೆ. ತೀರಾ ‘ಒಳ್ಳೆಯ’ ಮಗುವಾಗಿ ತಮ್ಮ–ತಂಗಿಯರನ್ನು ನೋಡಿಕೊಂಡು, ಅಮ್ಮನ ಕಣ್ಣೊರೆಸಿ, ಅಪ್ಪನ ಖರ್ಚಿನ ಲೆಕ್ಕ ಇಟ್ಟು ಹನ್ನೆರಡಕ್ಕೇ ದೊಡ್ಡವಳಾದ ಹುಡುಗಿಯನ್ನು ನೆಂಟರು ಹೊಗಳುತ್ತಾರೆ. ಹೆಚ್ಚು ಗಮನ ಬೇಕಾದದ್ದು ಅವಳಿಗೇ.

ಮಗುವಿಗೆ ಹೇಳುವುದು

ಅನೇಕ ಮನೆಗಳಲ್ಲಿ ಮಗುವಿಗೆ ಏನನ್ನೂ ಹೇಳುವುದೇ ಇಲ್ಲ. ‘ಅಪ್ಪ ದುಬೈಗೆ ಹೋಗಿದ್ದಾರೆ’ ಎಂಬ ಸುಳ್ಳು ಪಕ್ಕದ ಮನೆಯ ಹುಡುಗ ಬಾಯಿಬಿಡುವವರೆಗೆ ನಡೆಯುತ್ತದೆ. ಆಮೇಲೆ ಮಗು ಅಮ್ಮನ ಯಾವ ಮಾತನ್ನೂ ಪೂರ್ತಿ ನಂಬುವುದಿಲ್ಲ.

ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಕೂತು, ಅದಾಗದಿದ್ದರೆ ಮಗು ಇರುವ ಮನೆಯವರು, ನಾಲ್ಕು ಸರಳ ಮಾತುಗಳಲ್ಲಿ ಹೇಳಬೇಕು. ‘ಪುಟ್ಟಾ, ಅಪ್ಪ ಅಮ್ಮ ಇನ್ನು ಮೇಲೆ ಬೇರೆ ಬೇರೆ ಮನೆಯಲ್ಲಿ ಇರ್ತೀವಿ. ನಮ್ಮಿಬ್ಬರಿಗೆ ಒಟ್ಟಿಗೆ ಇರಕ್ಕಾಗ್ತಿಲ್ಲ. ಇದು ನಿನ್ನಿಂದ ಆಗಿದ್ದಲ್ಲ. ನೀನು ಇದೇ ಸ್ಕೂಲಿಗೆ ಹೋಗ್ತೀಯ, ಅಜ್ಜಿ ಜೊತೆ ಮಲಗ್ತೀಯ, ಭಾನುವಾರ ಅಪ್ಪ ಬಂದು ಕರ್ಕೊಂಡು ಹೋಗ್ತಾರೆ.’ ಕೊನೆಯ ಮಾತು ಮುಖ್ಯ. ಮದುವೆ ಏಕೆ ಮುರಿಯಿತು ಎನ್ನುವುದಕ್ಕಿಂತ ನಾಳೆ ಬೆಳಿಗ್ಗೆ ತಿಂಡಿ ಯಾರು ಮಾಡಿಕೊಡುತ್ತಾರೆ, ವ್ಯಾನಿಗೆ ಯಾರು ಬಿಡುತ್ತಾರೆ ಎಂಬುದು ಏಳು ವರ್ಷದ ಮಗುವಿನ ದೊಡ್ಡ ಪ್ರಶ್ನೆ. ಒಂದೇ ಸಲ ಹೇಳಿದರೆ ಸಾಲದು. ಅದೇ ಪ್ರಶ್ನೆಯನ್ನು ಮಗು ಸ್ನಾನ ಮಾಡುವಾಗ, ಬಸ್ಸಿನಲ್ಲಿ, ನಿದ್ದೆ ಹತ್ತುವ ಹೊತ್ತಿನಲ್ಲಿ ಮತ್ತೆ ಕೇಳುತ್ತದೆ, ಮತ್ತೆ ಅದೇ ಉತ್ತರ ಕೊಡಬೇಕು. ಯಾರದು ತಪ್ಪು ಎಂಬ ವಿಚಾರಣೆಗೆ ಮಗುವನ್ನು ಸಾಕ್ಷಿ ಮಾಡಬಾರದು. ಅಪ್ಪನ ನಡತೆಯ ವಿವರ, ಅಮ್ಮನ ಫೋನಿನ ವಿವರ ಮಗುವಿಗೆ ಬೇಕಿಲ್ಲ. ತನ್ನಲ್ಲಿ ಅರ್ಧ ಆ ಕಡೆಯದು ಎಂಬುದು ಅದಕ್ಕೆ ಗೊತ್ತಿರುತ್ತದೆ. ಆ ಕಡೆಯನ್ನು ಬೈದರೆ ತನ್ನನ್ನೇ ಬೈದಂತೆ ಕೇಳುತ್ತದೆ.

ಎರಡು ಮನೆಯ ದಿನಚರಿ

ಮನೋವೈದ್ಯರ ಕೋಣೆಯಲ್ಲಿ ವಾರಕ್ಕೊಮ್ಮೆ ಕಳೆಯುವ ಒಂದು ಗಂಟೆಗಿಂತ ಉಳಿದ ಗಂಟೆಗಳು ಹೇಗೆ ನಡೆಯುತ್ತವೆ ಎಂಬುದೇ ಮಗುವನ್ನು ಹೆಚ್ಚು ನಿಲ್ಲಿಸುತ್ತದೆ. ಏಳುವ ಹೊತ್ತು, ಊಟದ ಹೊತ್ತು, ಮಲಗುವ ಹೊತ್ತು ಎರಡೂ ಮನೆಯಲ್ಲಿ ಹೆಚ್ಚು ಕಡಿಮೆ ಒಂದೇ ಇರಬೇಕು. ಅಮ್ಮನ ಮನೆಯಲ್ಲಿ ಒಂಬತ್ತಕ್ಕೆ ದೀಪ ಆರಿಸಿ, ಅಪ್ಪನ ಮನೆಯಲ್ಲಿ ಹನ್ನೆರಡರವರೆಗೆ ಮೊಬೈಲ್ ಕೊಟ್ಟರೆ ಸೋಮವಾರ ಶಾಲೆಯಲ್ಲಿ ತೂಕಡಿಸುವುದು ಮಗು, ಅಪ್ಪ ಅಲ್ಲ. ವಾರಕ್ಕೊಮ್ಮೆ ಸಿಗುವ ಪೋಷಕರಿಗೆ ಒಂದು ಚಪಲ ಇರುತ್ತದೆ: ಮಾಲ್, ಪಿಜ್ಜಾ, ದುಬಾರಿ ಆಟಿಕೆ. ಮಗುವಿಗೆ ಅದು ಎರಡು ವಾರ ಖುಷಿ. ಆಮೇಲೆ ಅದು ಬಯಸುವುದು ಅಪ್ಪನ ಜೊತೆ ಅನ್ನ–ಸಾರು ಕಲಸಿ ತಿಂದು, ಮಗ್ಗಿ ಒಪ್ಪಿಸಿ, ಪಕ್ಕದಲ್ಲಿ ಮಲಗುವ ಸಾಮಾನ್ಯ ರಾತ್ರಿಯನ್ನು.

ಸಾಮಾನುಗಳ ವಿಷಯವೂ ಸಣ್ಣದಲ್ಲ. ಹಲ್ಲುಜ್ಜುವ ಬ್ರಷ್, ಚಪ್ಪಲಿ, ಎರಡು ಜೊತೆ ಮನೆಬಟ್ಟೆ, ಒಂದು ಹೆಚ್ಚುವರಿ ಯೂನಿಫಾರಂ, ಕಂಪಾಸ್ ಬಾಕ್ಸ್ ಎರಡೂ ಮನೆಯಲ್ಲಿ ಇದ್ದರೆ ಮಗು ಪ್ರತಿ ಶನಿವಾರ ಸೂಟ್‌ಕೇಸ್ ಎಳೆಯಬೇಕಿಲ್ಲ. ಅಲ್ಲಿ ಅದು ಅತಿಥಿಯಾಗುವುದಿಲ್ಲ. ಮಗುವನ್ನು ಒಪ್ಪಿಸುವ ಜಾಗ ಜಗಳ ನಡೆಯದಂಥದ್ದಾಗಿರಲಿ. ಶಾಲೆಯೇ ಎಲ್ಲಕ್ಕಿಂತ ಒಳ್ಳೆಯದು: ಶುಕ್ರವಾರ ಒಬ್ಬರು ಬಿಟ್ಟು, ಸಂಜೆ ಇನ್ನೊಬ್ಬರು ಕರೆದೊಯ್ದರೆ ಇಬ್ಬರೂ ಎದುರಾಗುವುದೇ ಇಲ್ಲ.

ಇಬ್ಬರ ನಡುವೆ ಮಾತು ನಿಂತಿದ್ದರೂ ಸಂದೇಶ ನಿಲ್ಲಬಾರದು, ಮತ್ತು ಆ ಸಂದೇಶವನ್ನು ಮಗುವಿನ ಕೈಲಿ ಹೇಳಿಕಳಿಸಬಾರದು. ಕಚೇರಿಯ ಸಹೋದ್ಯೋಗಿಗೆ ಬರೆಯುವಷ್ಟು ಒಣದಾಗಿ ಬರೆದರೆ ಸಾಕು. ‘ಶನಿವಾರ ಬೆಳಿಗ್ಗೆ 10ಕ್ಕೆ ಬಿಡುತ್ತೇನೆ. ಕೆಮ್ಮಿನ ಔಷಧಿ ಬ್ಯಾಗಿನ ಮುಂದಿನ ಜೇಬಿನಲ್ಲಿದೆ, ಊಟ ಆದ ಮೇಲೆ ಒಂದು ಚಮಚ. ಸೋಮವಾರ ಗಣಿತ ಟೆಸ್ಟ್, ನಾಲ್ಕನೇ ಪಾಠ.’ ಇದೇ ಮಾತಿಗೆ ‘ಹೋದ ಸಲದ ಹಾಗೆ ಮರೀಬೇಡಿ, ನಿಮಗೆ ಮಗುಗಿಂತ ಫ್ರೆಂಡ್ಸೇ ಮುಖ್ಯ ಅಂತ ಗೊತ್ತು’ ಎಂಬ ಬಾಲ ಅಂಟಿಸಿದರೆ ಔಷಧಿಯ ವಿಷಯ ಮರೆತುಹೋಗಿ ರಾತ್ರಿಯಿಡೀ ಬೆರಳುಗಳು ಜಗಳವಾಡುತ್ತವೆ. ಕೋಪ ಬಂದಾಗ ಬರೆದದ್ದನ್ನು ಒಂದು ಗಂಟೆ ಬಿಟ್ಟು ಕಳಿಸುವುದು ಒಳ್ಳೆಯದು. ವಾಟ್ಸ್‌ಆ್ಯಪ್ ಸಂದೇಶಗಳು ಈಗ ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬರುತ್ತವೆ ಎಂಬುದೂ ನೆನಪಿರಲಿ.

ದೂರದ ಊರು, ದೂರದ ದೇಶದಲ್ಲಿರುವವರಿಗೆ ವಿಡಿಯೊ ಕರೆಯೇ ಭೇಟಿ. ಯಶಿತಾ ಸಾಹು ಪ್ರಕರಣದಲ್ಲಿ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಭೇಟಿಯ ಹಕ್ಕಿನ ಜೊತೆಗೆ ಸಂಪರ್ಕದ ಹಕ್ಕನ್ನೂ ಒತ್ತಿ ಹೇಳಿತು: ಮಗು ಬಳಿಯಿಲ್ಲದ ಪೋಷಕರಿಗೆ ದಿನವೂ ಐದು–ಹತ್ತು ನಿಮಿಷ ಮಾತನಾಡುವ ಅವಕಾಶ ಇರಬೇಕು. ಆ ಪ್ರಕರಣದ ದಂಪತಿ ಅಮೆರಿಕದಲ್ಲಿದ್ದವರು. ತಾಯಿ ಮಗುವಿನೊಂದಿಗೆ ಭಾರತಕ್ಕೆ ಬಂದಿದ್ದರು. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಸಂಸಾರ ಹೂಡಿ ಅಲ್ಲೇ ಮುರಿದುಕೊಂಡ ಕನ್ನಡಿಗರಿಗೂ ಅನ್ವಯಿಸುವ ಸಂಗತಿ ಇದು. ಮಕ್ಕಳನ್ನು ಗಡಿ ದಾಟಿಸುವ ಬಗೆಗಿನ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಆದ್ದರಿಂದ ವಿಮಾನದ ಟಿಕೆಟ್ ತೆಗೆಯುವ ಮುಂಚೆ ವಕೀಲರನ್ನು ಕೇಳುವುದು ಕ್ಷೇಮ.

ಇನ್ನು ಕಾಗದಪತ್ರ. 2016ರ ಡಿಸೆಂಬರ್‌ನಲ್ಲಿ ಬದಲಾದ ನಿಯಮದಂತೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ಅಥವಾ ತಾಯಿ ಒಬ್ಬರ ಹೆಸರಿದ್ದರೆ ಸಾಕು, ಬೇರೆಯಾದವರು ಸಂಗಾತಿಯ ಹೆಸರು ಕೊಡಬೇಕಿಲ್ಲ. ಹಳ್ಳಿ–ಪಟ್ಟಣಗಳಲ್ಲಿ ಅದಕ್ಕಿಂತ ತಲೆನೋವಿನದು ರೇಷನ್ ಕಾರ್ಡ್. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದಿರುವವರಿಗೆ ಹೋಗುತ್ತದೆ. ಅತ್ತೆಯ ಕಾರ್ಡಿನಲ್ಲೇ ಹೆಸರು ಉಳಿದ ಸೊಸೆಗೆ ಅದು ಬರುವುದಿಲ್ಲ. ಹೆಸರು ತೆಗೆಸಿ ಬೇರೆ ಕಾರ್ಡಿಗೆ ಅರ್ಜಿ ಹಾಕುವುದನ್ನು ‘ಮುಂದೆ ನೋಡೋಣ’ ಎಂದು ಬಿಡಬಾರದು. ಹಣದ ಚಿಂತೆ ತಗ್ಗಿದಷ್ಟೂ ಮನಸ್ಸು ಹಗುರಾಗುತ್ತದೆ.

ತವರು, ಅಜ್ಜ–ಅಜ್ಜಿ, ನೆಂಟರು

ಪಾಶ್ಚಾತ್ಯ ಪುಸ್ತಕಗಳಲ್ಲಿ ಬೇರ್ಪಡಿಕೆ ಎಂದರೆ ಇಬ್ಬರು ಮತ್ತು ಮಕ್ಕಳು. ನಮ್ಮಲ್ಲಿ ಎರಡು ವಂಶಗಳು. ಅಜ್ಜಿ ಇರುವ ಮನೆಗೆ ಬಂದ ಮಗು ಬೇಗ ಚೇತರಿಸಿಕೊಳ್ಳುತ್ತದೆ. ಬಿಸಿ ಊಟ, ಹಳೆಯ ಕಥೆ, ಯಾವಾಗಲೂ ಮನೆಯಲ್ಲಿರುವ ಒಬ್ಬರು, ಇದೆಲ್ಲ ಹಣ ಕೊಟ್ಟರೆ ಸಿಗುವಂಥದ್ದಲ್ಲ. ಅದೇ ಅಜ್ಜಿ ಬಂದವರೆದುರೆಲ್ಲ ‘ಪಾಪ, ತಂದೆಯಿದ್ದೂ ಇಲ್ಲದ ಮಗು’ ಎಂದು ನಿಟ್ಟುಸಿರುಬಿಟ್ಟರೆ ಮಗು ತನ್ನನ್ನು ತಾನು ಪಾಪ ಎಂದೇ ಎಣಿಸಲು ಕಲಿಯುತ್ತದೆ.

ಸಹಾಯ ಮಾಡಬೇಕೆನ್ನುವ ನೆಂಟರು, ಗೆಳೆಯರು ಮಾಡಬಹುದಾದದ್ದು ಬಹಳ ಸಾಮಾನ್ಯವಾದದ್ದು. ಮಗುವನ್ನು ಎರಡು ಗಂಟೆ ನೋಡಿಕೊಳ್ಳುವುದು, ಕೋರ್ಟಿನ ತಾರೀಖಿಗೆ ಜೊತೆ ಹೋಗಿ ಹೊರಗೆ ಕೂರುವುದು, ಬಾಡಿಗೆ ಮನೆ ಹುಡುಕಿಕೊಡುವುದು. ಒಂಟಿ ಹೆಣ್ಣಿಗೆ ಮನೆ ಕೊಡಲು ಮಾಲೀಕರು ಮುಖ ಸಿಂಡರಿಸುವಾಗ ಪರಿಚಯದ ಒಂದು ಮಾತು ದೊಡ್ಡದು. ಗೌರಿ ಹಬ್ಬಕ್ಕೆ ಬಾಗಿನ ಕೊಡಲು, ಮದುವೆಮನೆಯ ಆರತಿಗೆ ಅವಳನ್ನು ಮೊದಲಿನಂತೆಯೇ ಕರೆಯಿರಿ. ‘ಸ್ವಲ್ಪ ಅನುಸರಿಸಿಕೊಂಡು ಹೋಗಬಹುದಿತ್ತು’ ಎಂಬ ಮಾತು ಮಾತ್ರ ಬೇಡ. ಅದನ್ನು ಅವಳು ಎಲ್ಲರಿಗಿಂತ ಮೊದಲು ತನಗೆ ತಾನೇ ನೂರು ಸಲ ಹೇಳಿಕೊಂಡಿರುತ್ತಾಳೆ.

ಮಧ್ಯಸ್ಥಿಕೆ

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರ ಸೆಕ್ಷನ್ 9, ವಿಚಾರಣೆಗೆ ಮೊದಲು ಇತ್ಯರ್ಥಕ್ಕೆ ಪ್ರಯತ್ನಿಸುವುದನ್ನು ಕೋರ್ಟಿನ ಕರ್ತವ್ಯವಾಗಿಸಿದೆ. ಆಪ್ತಸಮಾಲೋಚಕರನ್ನು ನೇಮಿಸಲು ಅವಕಾಶವಿದೆ, ಕಕ್ಷಿದಾರರು ಬಯಸಿದರೆ ಬಾಗಿಲು ಹಾಕಿ ವಿಚಾರಣೆ ನಡೆಸಬೇಕು. ಬೆಂಗಳೂರಿನಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ ಕೌಟುಂಬಿಕ ನ್ಯಾಯಾಲಯವೂ, 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಇವೆ. ಮಧ್ಯಸ್ಥಗಾರರು ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಒಟ್ಟಿಗೆ, ಆಮೇಲೆ ಬೇರೆ ಬೇರೆಯಾಗಿ ಕೂರಿಸಿ ಯಾರಿಗೆ ನಿಜವಾಗಿ ಏನು ಬೇಕು ಎಂದು ಹೊರತೆಗೆಯುತ್ತಾರೆ. ಅಲ್ಲಿ ಆಡಿದ ಮಾತನ್ನು ಮುಂದೆ ಕೋರ್ಟಿನಲ್ಲಿ ಬಳಸುವಂತಿಲ್ಲ.

ಇದರಿಂದ ಪ್ರಯೋಜನ ಉಂಟೇ? ವರ್ಜೀನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಎಮೆರಿ, ಮಕ್ಕಳ ಪಾಲನೆಗಾಗಿ ಜಗಳವಾಡುತ್ತಿದ್ದ ಕುಟುಂಬಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಮಧ್ಯಸ್ಥಿಕೆ, ಇನ್ನೊಂದಕ್ಕೆ ಮಾಮೂಲಿ ಕೋರ್ಟಿನ ದಾರಿ. ಮಧ್ಯಸ್ಥಿಕೆ ನಡೆದದ್ದು ಸರಾಸರಿ ಐದಾರು ಗಂಟೆ ಮಾತ್ರ. ಹನ್ನೆರಡು ವರ್ಷದ ನಂತರ ನೋಡಿದಾಗ, ಮಗು ಬಳಿಯಿಲ್ಲದ ಪೋಷಕರಲ್ಲಿ ವಾರಕ್ಕೊಮ್ಮೆಯಾದರೂ ಮಗುವನ್ನು ಕಾಣುತ್ತಿದ್ದವರು ಮಧ್ಯಸ್ಥಿಕೆಯ ಗುಂಪಿನಲ್ಲಿ ನೂರಕ್ಕೆ ಮೂವತ್ತರ ಆಸುಪಾಸು, ಕೋರ್ಟಿನ ಗುಂಪಿನಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ. ನಮ್ಮಲ್ಲಿ ಎಷ್ಟೋ ಜನ ಮಧ್ಯಸ್ಥಿಕೆ ಎಂದರೆ ‘ಮತ್ತೆ ಒಂದು ಮಾಡಿಸಲು ನೋಡುತ್ತಾರೆ’ ಎಂದು ತಪ್ಪಿಸಿಕೊಳ್ಳುತ್ತಾರೆ. ಬೇರೆಯಾಗುವುದೇ ನಿಶ್ಚಯವಾಗಿದ್ದರೂ ಮರ್ಯಾದೆಯಿಂದ ಬೇರೆಯಾಗಲು ಅದೇ ಜಾಗ.

ಹೊಡೆತ ಇದ್ದ ಮನೆ

ಮೇಲೆ ಹೇಳಿದ ಹೊಂದಾಣಿಕೆಯ ಮಾತುಗಳು ಹಿಂಸೆ ನಡೆದ ಮನೆಗೆ ಅನ್ವಯಿಸುವುದಿಲ್ಲ. ಅಲ್ಲಿ ಮೊದಲು ಸುರಕ್ಷತೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಡಿ ಸಂರಕ್ಷಣಾ ಆದೇಶ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಮಕ್ಕಳ ತಾತ್ಕಾಲಿಕ ಪಾಲನೆ, ಹಣಕಾಸಿನ ಪರಿಹಾರ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು; ಊರಿನ ಅಂಗನವಾಡಿ ಕಾರ್ಯಕರ್ತೆಗೆ ಅವರ ಕಚೇರಿ ಗೊತ್ತಿರುತ್ತದೆ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಆದಾಯ ಎಷ್ಟೇ ಇರಲಿ, ಹೆಂಗಸರಿಗೂ ಮಕ್ಕಳಿಗೂ ವಕೀಲರ ನೆರವು ಉಚಿತ. ಕಾನೂನು ಸೇವಾ ಪ್ರಾಧಿಕಾರದ ಸಂಖ್ಯೆ 15100. ಜೀವನಾಂಶಕ್ಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 125 ಇತ್ತು, 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 144 ಇದೆ. ರಜನೀಶ್–ನೇಹಾ ಪ್ರಕರಣದ 2020ರ ತೀರ್ಪಿನ ಪ್ರಕಾರ ಇಬ್ಬರೂ ತಮ್ಮ ಆಸ್ತಿ–ಸಾಲದ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ.

‘ಡಾಕ್ಟರ ಚೀಟಿ ಕೋರ್ಟಿಗೆ ಬಂದರೆ?’

ಬೇರೆಯಾಗುವ ಹೊತ್ತಿನಲ್ಲಿ ಮನೋವೈದ್ಯರ ಬಳಿ ಹೋಗಲು ಹಿಂಜರಿಯುವವರ ದೊಡ್ಡ ಭಯ ಇದು: ಮಾತ್ರೆ ತಗೊಂಡದ್ದು ಗೊತ್ತಾದರೆ ‘ತಲೆ ಸರಿಯಿಲ್ಲ’ ಎಂದು ಮಗುವನ್ನು ಕಿತ್ತುಕೊಳ್ಳುತ್ತಾರೆ. ಭಯಕ್ಕೆ ಬೇರು ಇಲ್ಲದಿಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದ ‘ಶರಪಂಜರ’ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮರಳುತ್ತಾಳೆ, ಅವಳ ನಗು, ಕೋಪ ಎಲ್ಲವನ್ನೂ ಹುಚ್ಚು ಎಂದು ನೋಡುವ ಮನೆ–ಕೇರಿಯ ಕಣ್ಣುಗಳೇ ಅವಳನ್ನು ಮತ್ತೆ ಅಲ್ಲಿಗೆ ತಳ್ಳುತ್ತವೆ. ಆ ಕಣ್ಣುಗಳು ಇನ್ನೂ ಪೂರ್ತಿ ಹೋಗಿಲ್ಲ.

ಕಾನೂನು ಮಾತ್ರ ಬೇರೆ ನಿಲುವು ತಾಳಿದೆ. ಸ್ಕಿಜೋಫ್ರೇನಿಯಾ ಎಂಬ ಹೆಸರು ಹಚ್ಚಿದ ಮಾತ್ರಕ್ಕೆ ವಿಚ್ಛೇದನ ಸಿಗದು, ಜೊತೆಗೆ ಬಾಳಲಾಗದಷ್ಟು ತೀವ್ರತೆ ಇದೆಯೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ರಾಮ್ ನಾರಾಯಣ್ ಗುಪ್ತಾ ಪ್ರಕರಣದಲ್ಲಿ ಹೇಳಿದೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017 ಇನ್ನೂ ಮುಂದೆ ಹೋಗಿ, ಕಾಯಿಲೆ ಇದೆ ಎಂದ ಮಾತ್ರಕ್ಕೆ ಯಾರೂ ಅಸ್ವಸ್ಥಚಿತ್ತರಾಗುವುದಿಲ್ಲ, ಅದನ್ನು ಕೋರ್ಟೇ ಘೋಷಿಸಬೇಕು ಎನ್ನುತ್ತದೆ. ಚಿಕಿತ್ಸೆಯ ವಿವರ ಗೋಪ್ಯವಾಗಿರಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಕೋರ್ಟಿನ ಆದೇಶದಂಥ ಕೆಲವೇ ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿ. ಖಿನ್ನತೆಗೆ ಔಷಧಿ ತೆಗೆದುಕೊಂಡು ಮಗುವನ್ನು ಶಾಲೆಗೆ ಕಳಿಸುತ್ತಿರುವ ತಾಯಿ ಅಥವಾ ತಂದೆ, ಔಷಧಿ ಬೇಡವೆಂದು ಹಾಸಿಗೆ ಹಿಡಿದವರಿಗಿಂತ ಯಾವ ನ್ಯಾಯಾಧೀಶರೆದುರೂ ಗಟ್ಟಿಯಾಗಿ ನಿಲ್ಲಬಲ್ಲರು.

ಎಲ್ಲಿಗೆ ಹೋಗುವುದು

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರು ಶೇ 70ರಿಂದ 92. ಕರ್ನಾಟಕದ ಮಟ್ಟಿಗೆ ದಾರಿಗಳು ತೀರಾ ಕಡಿಮೆಯೇನಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ 1980ರ ದಶಕದಲ್ಲಿ ಬಳ್ಳಾರಿಯಲ್ಲಿ. ಇಂದು ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗ ಇದೆ. ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನ ಕ್ಷೇಮ ಕೇಂದ್ರ ಇದೆ, ಆಸ್ಪತ್ರೆಯ ವಾತಾವರಣ ಬೇಡ ಎನ್ನುವವರಿಗೆ ಅದು ಅನುಕೂಲ. ಮಗುವಿನ ಶಾಲೆಯಲ್ಲಿ ಒಬ್ಬ ಶಿಕ್ಷಕರಿಗಾದರೂ ವಿಷಯ ತಿಳಿಸಿಡಿ. ಸೋಮವಾರದ ಹೊಟ್ಟೆನೋವನ್ನು ಮೊದಲು ನೋಡುವವರು ಅವರು.

ಎಲ್ಲಿಗೂ ಹೋಗಲಾಗದವರಿಗೆ, ಅಥವಾ ನಡುರಾತ್ರಿ ಯಾರಿಗಾದರೂ ಹೇಳಿಕೊಳ್ಳಲೇಬೇಕು ಅನ್ನಿಸಿದವರಿಗೆ ಟೆಲಿ–ಮಾನಸ್ ಇದೆ: 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸರ್ಕಾರಿ ಸೇವೆಗೆ ನಿಮ್ಹಾನ್ಸ್ ಮಾರ್ಗದರ್ಶಿ ಕೇಂದ್ರ. ದಿನದ 24 ಗಂಟೆಯೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಯೋಚನೆ ಒಂದು ಸಲ ಬಂದುಹೋಗಿದ್ದರೂ ಸಾಕು, ಇಂದೇ ಕರೆ ಮಾಡಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹಾಗಾಗಿದೆ ಎಂದು ಅನುಮಾನವಿದ್ದರೆ ಪಕ್ಕದಲ್ಲಿ ಕೂತು ನೀವೇ ನಂಬರ್ ಒತ್ತಿಕೊಡಿ.